ಆರನೇ ಅನುಸೂಚಿ: ಕಾನೂನು ಯಾರದು, ದುಡ್ಡು ಯಾರದು?

ನಮ್ಮ ಸಂವಿಧಾನದ ಐದನೇ ಅನುಸೂಚಿ, ಆರನೇ ಅನುಸೂಚಿ (ಎರಡೂ ಬುಡಕಟ್ಟು ಪ್ರದೇಶಗಳ ಆಡಳಿತದ ಬಗ್ಗೆ), 371(ಜೆ) ವಿಧಿ. ಇವೆಲ್ಲವನ್ನೂ ಪರೀಕ್ಷೆಗೆ ಓದುವ ನಮ್ಮಲ್ಲಿ ಬಹಳ ಜನ ಒಂದೇ ಪುಟಕ್ಕೆ ತುರುಕಿ, ಮೇಲೆ 'ವಿಶೇಷ ಸೌಲಭ್ಯ' ಅಂತ ಬರೆದು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಸ್ವಾಯತ್ತತೆ ಬಗ್ಗೆ ಪ್ರಶ್ನೆ ಬಂದರೆ ಅದು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಕಾನೂನು ಮಾಡುವವರು ಯಾರು, ಖರ್ಚಿಗೆ ದುಡ್ಡು ಕೊಡುವವರು ಯಾರು ಅಂತ ಕೇಳಿಕೊಂಡು ಓದಿ, ಮೂರೂ ಬೇರೆ ಬೇರೆ ಅನ್ನೋದು ತಾನಾಗಿ ಗೊತ್ತಾಗುತ್ತದೆ.

ನಮಗೆ ಹತ್ತಿರದ 371(ಜೆ) ಮೊದಲು. 2012ರ 98ನೇ ತಿದ್ದುಪಡಿಯಿಂದ ಬಂದದ್ದು. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ ಭಾಗಕ್ಕೆ ಅಭಿವೃದ್ಧಿ ಮಂಡಳಿ, ಅನುದಾನದಲ್ಲಿ ನ್ಯಾಯವಾದ ಪಾಲು, ಓದು ಮತ್ತು ನೌಕರಿಯಲ್ಲಿ ಮೀಸಲಾತಿ. ದೊಡ್ಡ ವಿಷಯವೇ. ಆದರೆ ಆ ಮಂಡಳಿ ಒಂದು ಸಾಲು ಕಾನೂನನ್ನೂ ಮಾಡುವಂತಿಲ್ಲ, ಹಾಗಾಗಿ ಇದು ಸ್ವಾಯತ್ತತೆ ಅಲ್ಲ. ಐದನೇ ಅನುಸೂಚಿಯಲ್ಲೂ ಬುಡಕಟ್ಟು ಸಲಹಾ ಮಂಡಳಿ ಸಲಹೆ ಕೊಡಬಹುದು, ಅಷ್ಟೇ. (ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶ ಒಂದೂ ಇಲ್ಲ, ಇದನ್ನು ಬಹಳ ಜನ ತಪ್ಪು ಬರೆಯುತ್ತಾರೆ.)

ಆರನೇ ಅನುಸೂಚಿಯ ಕಥೆಯೇ ಬೇರೆ. ಅಸ್ಸಾಂ, ಮೇಘಾಲಯ, ತ್ರಿಪುರ, ಮಿಜೋರಾಂ ಈ ನಾಲ್ಕು ರಾಜ್ಯಗಳಲ್ಲಿ ಒಟ್ಟು 10 ಸ್ವಾಯತ್ತ ಜಿಲ್ಲಾ ಪರಿಷತ್ತುಗಳಿವೆ. ಜಮೀನು, ಮೀಸಲು ಅಲ್ಲದ ಕಾಡು, ಝೂಮ್ ಬೇಸಾಯ (ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತಾ ಮಾಡುವ ಬೇಸಾಯ), ಊರಿನ ಆಡಳಿತ, ಮದುವೆ, ಆಸ್ತಿ ಹಂಚಿಕೆ, ಇವುಗಳ ಮೇಲೆ ಅವು ಕಾನೂನು ಮಾಡಬಹುದು, ಊರಿನ ನ್ಯಾಯಾಲಯ ನಡೆಸಬಹುದು. ಅಸ್ಸಾಂನ ನಾಯಕ ಗೋಪಿನಾಥ ಬೊರ್ಡೊಲೊಯ್ ನೇತೃತ್ವದ, ಸಂವಿಧಾನ ಸಭೆಯ ಉಪಸಮಿತಿ ಕೊಟ್ಟ ಯೋಚನೆ ಇದು. 1949ರ ಸೆಪ್ಟೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಜೋರು ಜಗಳವೇ ಆಯಿತು. ಅಸ್ಸಾಂನ ಕುಲಧರ್ ಚಾಲಿಹಾ ಅವರಿಗೆ ಇದರಿಂದ ದೇಶ ಒಡೆಯುತ್ತದೆ ಅನ್ನುವ ಭಯ. ಖಾಸಿ ಬೆಟ್ಟದ ನಿಕಲ್ಸ್ ರಾಯ್ ಇದರ ಪರ ನಿಂತರು. ಮುಂದೆ ಆದದ್ದು ನೋಡಿ: ನಾಗಾ ಬೆಟ್ಟದವರು ಇಷ್ಟು ಸಾಲದು ಅಂತ ಪರಿಷತ್ತನ್ನೇ ಬೇಡ ಅಂದರು. 1963ರಲ್ಲಿ ನಾಗಾಲ್ಯಾಂಡ್ ರಾಜ್ಯವಾಯಿತು, ಜೊತೆಗೆ 371(ಎ) ಸಿಕ್ಕಿತು. ನಾಗಾ ಸಂಪ್ರದಾಯ, ಜಮೀನಿನ ಒಡೆತನ ಇಂಥ ವಿಷಯಗಳಲ್ಲಿ ಸಂಸತ್ತಿನ ಕಾನೂನು ಅಲ್ಲಿನ ವಿಧಾನಸಭೆ ಒಪ್ಪದೆ ನಡೆಯುವುದಿಲ್ಲ.

ಇನ್ನು ದುಡ್ಡಿನ ವಿಷಯ. ನನ್ನ ಪ್ರಕಾರ ಅಸಲಿ ಗಂಟು ಇರುವುದು ಇಲ್ಲೇ. ಪರಿಷತ್ತು ಭೂಕಂದಾಯ, ವೃತ್ತಿ ತೆರಿಗೆ, ಸಂತೆ ಸುಂಕ ಹಾಕಬಹುದು, ಗಣಿಯ ರಾಯಧನದಲ್ಲೂ ಪಾಲಿದೆ. ಆದರೆ ಅದರಲ್ಲಿ ಹೊಟ್ಟೆ ತುಂಬುವುದಿಲ್ಲ, ಉಳಿದದ್ದಕ್ಕೆ ರಾಜ್ಯ ಸರ್ಕಾರದ ಮುಂದೆ ಕೈ ಒಡ್ಡಬೇಕು. ಬೇರೆ ಒಲೆ ಹಚ್ಚಿದ ಮಗ ಅಕ್ಕಿಗೆ ಅಪ್ಪನ ಮನೆಗೇ ಹೋದ ಹಾಗೆ. ಸಾಲದ್ದಕ್ಕೆ ಮಾಡಿದ ಕಾನೂನಿಗೆ ರಾಜ್ಯಪಾಲರ ಸಹಿ ಬೇಕು, ಪರಿಷತ್ತನ್ನು ವಿಸರ್ಜಿಸುವ ಅಧಿಕಾರವೂ ಅವರಿಗಿದೆ.

ಮೇಘಾಲಯ ಇನ್ನೂ ವಿಚಿತ್ರ. 1972ರಲ್ಲಿ ಬೆಟ್ಟದವರಿಗೇ ಸ್ವಂತ ರಾಜ್ಯ ಬಂತು, ಹಾಗಿದ್ದರೆ ಪರಿಷತ್ತುಗಳ ಬಲ ಜಾಸ್ತಿ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಆರನೇ ಅನುಸೂಚಿಯ 12ಎ ಕಂಡಿಕೆ ಪ್ರಕಾರ ಅಲ್ಲಿ ಪರಿಷತ್ತಿನ ಕಾನೂನಿಗೂ ರಾಜ್ಯದ ಕಾನೂನಿಗೂ ಘರ್ಷಣೆ ಆದರೆ ರಾಜ್ಯದ್ದೇ ಗೆಲ್ಲುತ್ತದೆ. ದಿಲ್ಲಿಯಿಂದ ಅಧಿಕಾರ ಕೇಳಿ ಪಡೆದವರು ಅದನ್ನು ಕೆಳಗೆ ಬಿಟ್ಟುಕೊಡಲು ಹಿಂದೇಟು ಹಾಕುತ್ತಾರೆ ಅನ್ನುವುದಕ್ಕೆ ಉತ್ತರದಲ್ಲಿ ಈ ಉದಾಹರಣೆ ಬರೆಯಿರಿ, ಬಹಳ ಜನ ಬರೆಯುವುದಿಲ್ಲ.

ಲಡಾಖ್ ಪ್ರಶ್ನೆಯನ್ನೂ ಇದೇ ಕಣ್ಣಲ್ಲಿ ನೋಡಿ. ಲೇಹ್‌ನಲ್ಲಿ 1995ರಿಂದ, ಕಾರ್ಗಿಲ್‌ನಲ್ಲಿ 2003ರಿಂದ ಗುಡ್ಡಗಾಡು ಅಭಿವೃದ್ಧಿ ಪರಿಷತ್ತುಗಳಿವೆ. ಆದರೂ 2019ರಲ್ಲಿ ವಿಧಾನಸಭೆ ಇಲ್ಲದ ಕೇಂದ್ರಾಡಳಿತ ಪ್ರದೇಶ ಆದ ಮೇಲೆ ಅಲ್ಲಿನ ಜನ ಆರನೇ ಅನುಸೂಚಿ ಕೇಳತೊಡಗಿದರು. ಯಾಕೆಂದರೆ ಆ ಪರಿಷತ್ತುಗಳು ಯೋಜನೆ ಮಾಡಬಹುದು, ಜಮೀನಿನ ಮೇಲೆ ಕಾನೂನು ಮಾಡುವಂತಿಲ್ಲ.