ಇಥಿಯೋಪಿಯಾದ ಬೂದಿ ಸಲೀಸು, ಶಿರಸಿಯ ಸಿಡಿಲು ಕಷ್ಟ

ಮೇ ತಿಂಗಳಲ್ಲಿ ಸಂಜೆ ಮಳೆ ಬರುತ್ತದೋ ಇಲ್ಲವೋ ಎಂದು ನೋಡಲು ಕಾರವಾರದವರು ಕಡಲ ಕಡೆ ತಿರುಗುವುದಿಲ್ಲ, ಘಟ್ಟದ ಕಡೆ ತಿರುಗುತ್ತಾರೆ. ಕಾದ ನೆಲದತ್ತ ಕಡಲಗಾಳಿ ನುಗ್ಗುತ್ತದೆ, ಎದುರಿಗೆ ಘಟ್ಟ ಸಿಕ್ಕಿ ಮೇಲೇರುತ್ತದೆ. ಮೇಲೆ ತಣಿದು ಆವಿ ಹನಿಯಾಗುತ್ತದೆ. ಹನಿಯಾಗುವಾಗ ಹೊರಬರುವ ಶಾಖವೇ ಮೋಡವನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಮಧ್ಯಾಹ್ನ ಹೂಕೋಸಿನಂತೆ ಉಬ್ಬುತ್ತಿದ್ದದ್ದು ನೋಡನೋಡುತ್ತಲೇ 16-17 ಕಿ.ಮೀ. ಮುಟ್ಟಬಹುದು. ಅಲ್ಲಿಂದಾಚೆ ಮೇಲೆ ಹೋದಷ್ಟೂ ಗಾಳಿ ಬೆಚ್ಚಗೆ. ಏರಲಾರದ ಮೋಡ ಅಡ್ಡಕ್ಕೆ ಹರಡುತ್ತದೆ. ಅಷ್ಟರಲ್ಲಿ ಒಣಮೀನು ಹರವಿದವರು ಎಲ್ಲ ಬಾಚಿ ಒಳಗಿಟ್ಟಿರುತ್ತಾರೆ.

ಜ್ವಾಲಾಮುಖಿಯ ಬೂದಿಮೋಡ ಏರುವುದೂ ಹೆಚ್ಚುಕಡಿಮೆ ಹೀಗೇ. ಬಿಸಿ ಬೂದಿ ಸುತ್ತಲಿನ ಗಾಳಿಯನ್ನು ಎಳೆದು, ಕಾಯಿಸಿ, ಅದರ ಜೊತೆ ಮೇಲೇಳುತ್ತದೆ. ಮಿಂಚೂ ಉಂಟು. 2022ರ ಜನವರಿ 15ರಂದು ಪೆಸಿಫಿಕ್ ಸಾಗರದ ದ್ವೀಪದೇಶ ಟೊಂಗಾದ ಕಡಲಡಿಯ ಜ್ವಾಲಾಮುಖಿ ಸಿಡಿದಾಗ, ಜೋರಾದ ಹೊತ್ತಿನಲ್ಲಿ ನಿಮಿಷಕ್ಕೆ 2,600 ಮಿಂಚು ದಾಖಲಾದವು!

ಎರಡೂ ಮೋಡಗಳಿಗೆ ಮೊದಲು ಬೇಕಾದ ಲೆಕ್ಕ ಎತ್ತರ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಬೀಸುತ್ತದೆ, ಎತ್ತರ ತಪ್ಪಿದರೆ ಊರೇ ತಪ್ಪಿತು. ಉಪಗ್ರಹ ಮೋಡದ ನೆತ್ತಿಯ ತಾಪ ಅಳೆಯುತ್ತದೆ. ತಣ್ಣಗಿದ್ದಷ್ಟೂ ಎತ್ತರ ಜಾಸ್ತಿ. ಆದರೆ ಟೊಂಗಾದ ಮೋಡ ಮೇಲಿನ ಬೆಚ್ಚಗಿನ ಪದರವನ್ನೂ ದಾಟಿತ್ತು, ತಾಪ ನೋಡಿ ಎತ್ತರ ಹೇಳುವಂತಿರಲಿಲ್ಲ. ಕೊನೆಗೆ ಬೇರೆ ಬೇರೆ ಜಾಗದಲ್ಲಿದ್ದ ಮೂರು ಉಪಗ್ರಹಗಳ ಚಿತ್ರ ಹೋಲಿಸಿದರು. ನೋಡುವ ಕೋನ ಬದಲಾದರೆ ಮೋಡ ಜರುಗಿದಂತೆ ಕಾಣುತ್ತದಲ್ಲ, ಆ ಜರುಗಾಟದಿಂದ ಎತ್ತರ ಸಿಕ್ಕಿತು: 57 ಕಿ.ಮೀ.

ಇನ್ನೊಂದು ತಲೆನೋವು, ಅದು ಬೂದಿಯೋ ನೀರೋ ಅನ್ನುವುದು. ವಿಮಾನದ ರಾಡಾರ್‌ಗೆ ಕಾಣುವುದು ಮಳೆಹನಿ, ಒಣ ಬೂದಿಯಲ್ಲ. 1982ರ ಜೂನ್‌ನಲ್ಲಿ ಇಂಡೋನೇಷ್ಯಾದ ಮೇಲೆ ಬ್ರಿಟಿಷ್ ಏರ್‌ವೇಸ್‌ನ ಜಂಬೋ ವಿಮಾನ ರಾತ್ರಿ ಬೂದಿಯೊಳಗೆ ಹೊಕ್ಕು, ನಾಲ್ಕೂ ಎಂಜಿನ್ ನಿಂತವು. ಕೆಳಗಿಳಿದ ಮೇಲೆ ಮತ್ತೆ ಹೊತ್ತಿಕೊಂಡಿದ್ದು ಪುಣ್ಯ. ಈಗ ಉಪಗ್ರಹಗಳು 11 ಮತ್ತು 12 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಅಲೆಯುದ್ದದ ಎರಡು ಶಾಖಕಿರಣಗಳಲ್ಲಿ ನೋಡುತ್ತವೆ. ಬೂದಿ ಮೊದಲನೆಯದನ್ನು ಜಾಸ್ತಿ ಹೀರುತ್ತದೆ, ಮಂಜುಗಡ್ಡೆ ಎರಡನೆಯದನ್ನು. ವ್ಯತ್ಯಾಸ ತೆಗೆದರೆ ಬಣ್ಣ ಬಯಲಾಗುತ್ತದೆ. ನಮ್ಮ ಹವಾಮಾನ ಉಪಗ್ರಹಗಳಾದ ಇನ್ಸಾಟ್-3ಡಿಆರ್, 3ಡಿಎಸ್‌ಗಳಲ್ಲೂ ಈ ಎರಡು ಕಣ್ಣುಗಳಿವೆ.

2025ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದಾಗ ಬೂದಿ ಅರಬ್ಬಿ ಸಮುದ್ರ ದಾಟಿ ಗುಜರಾತ್, ದೆಹಲಿ ಕಡೆ ಹೋಯಿತು. ಯಾವಾಗ ತೊಲಗುತ್ತದೆಂದು ಹವಾಮಾನ ಇಲಾಖೆ ಮೊದಲೇ ಹೇಳಿತು. ಸಾವಿರಾರು ಕಿ.ಮೀ. ದೂರದ ಬೂದಿಗೆ ಮುನ್ಸೂಚನೆ ಸಾಧ್ಯ, ಶಿರಸಿಯಲ್ಲಿ ಸಿಡಿಲು ಬಡಿಯುವ ಜಾಗ ಬೆಳಗ್ಗೆಯೇ ಹೇಳಲಾಗುವುದಿಲ್ಲ. ವಿಚಿತ್ರ ಅಲ್ವಾ? ಸಿಡಿತ ನಿಂತ ಮೇಲೆ ಬೂದಿ ಹೊಸದಾಗಿ ಹುಟ್ಟುವುದಿಲ್ಲ, ಗಾಳಿ ಒಯ್ದಲ್ಲಿಗೆ ಹೋಗುತ್ತದೆ. ಗುಡುಗುಮೋಡ ಹಾಗಲ್ಲ. ಒಂದು ಮೋಡದ ಆಯಸ್ಸು ಸುಮಾರು ಒಂದು ಗಂಟೆ. ಅದು ಸುರಿದು ಸಾಯುವಾಗ ಕೆಳಗೆ ನುಗ್ಗುವ ತಣ್ಣನೆ ಗಾಳಿ ಪಕ್ಕದಲ್ಲಿ ಇನ್ನೊಂದನ್ನು ಎಬ್ಬಿಸುತ್ತದೆ. ಎಲ್ಲಿ ಎಬ್ಬಿಸುತ್ತದೆ ಅನ್ನುವುದೇ ಸಮಸ್ಯೆ. ಹಾಗಾಗಿ ಇಲ್ಲಿ ನಂಬುವಂಥ ಮುನ್ಸೂಚನೆ ಅಂದರೆ ರಾಡಾರ್ ನೋಡಿ ಹೇಳುವ ಎರಡು-ಮೂರು ಗಂಟೆಯದು.

ಜುಲೈಗೆ ಮತ್ತೆ ಆಟ ಬದಲು. ಆಗ ಘಟ್ಟದ ಮೇಲೆ ಧಾರಾಕಾರ ಸುರಿಸುವುದು ಹೆಚ್ಚಾಗಿ ತಗ್ಗಿನ ಮೋಡಗಳೇ. ನೆತ್ತಿ ಅಷ್ಟು ತಣ್ಣಗಿರದ ಕಾರಣ, ತಾಪ ನೋಡಿ ಮಳೆ ಅಂದಾಜು ಮಾಡಿದರೆ ಲೆಕ್ಕ ಕಮ್ಮಿಯೇ ಬರುತ್ತದೆ. ಆ ದಿನಗಳಲ್ಲಿ ಉಪಗ್ರಹಕ್ಕಿಂತ ಪಣಜಿಯ ರಾಡಾರ್, ನೆಲದ ಮೇಲಿನ ಮಳೆಮಾಪಕಗಳೇ ವಾಸಿ.