ಕೈಬಣ್ಣ ಹೌದು, ಯಾರ ಕೈ?

ಎಂಜಲು ಹಚ್ಚಿದ ಬೆರಳಿನಿಂದ ಚಿತ್ರವನ್ನು ಒರೆಸಿ ನೋಡುವವರಿಗೆ ಮೊದಲೇ ಹೇಳಿಬಿಡುತ್ತೇನೆ: ದಯವಿಟ್ಟು ಬೇಡ.

ಕಳೆದ ಮಳೆಗಾಲದಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರು ಹಳೆಯ ಹಾಳೆಯೊಂದನ್ನು, ಕಾಗದದ ಚಿತ್ರಗಳನ್ನು ದುರಸ್ತಿ ಮಾಡುವ ನನ್ನ ಮೇಜಿನ ಮೇಲೆ ಬಿಚ್ಚಿದರು. ಜಿನೀವಾದಲ್ಲಿರುವ ಮಗಳು ಕೊಂಡು ಕಳಿಸಿದ್ದು. ಕೋನಕೋನವಾಗಿ ರೆಕ್ಕೆ ಮಡಿಸಿ ನಿಂತ ದೇವದೂತ. ರಷ್ಯನ್ ಕಲಾವಿದೆ ನತಾಲಿಯಾ ಗೊಂಚರೋವಾ ‘ಲಿತುರ್ಜಿ’ ಎಂಬ ಬ್ಯಾಲೆಗಾಗಿ ರೂಪಿಸಿದ ಉಡುಪು. “ಮುದ್ರಣವೋ ಕೈಬಣ್ಣವೋ ಎಂದು ಪರೀಕ್ಷೆ ಮಾಡಿದೆ ಮೇಡಂ. ಬಣ್ಣ ಬೆರಳಿಗೆ ಬಂತು. ಅಂದ ಮೇಲೆ ಅವರೇ ಬರೆದದ್ದಲ್ಲವೇ?” ಎಂದರು. ರೆಕ್ಕೆಯ ಮೇಲೆ ಬಟಾಣಿ ಗಾತ್ರದ ಬಿಳಿಚಿದ ಗುರುತಿತ್ತು. ನನ್ನ ಕಣ್ಣು ಅಲ್ಲಿಂದ ಕದಲಲಿಲ್ಲ.

ಕೈಬಣ್ಣ ಎಂಬುದು ನಿಜ. ಯಾರ ಕೈ ಎಂಬುದು ಬೇರೆಯೇ ಪ್ರಶ್ನೆ. ಇದನ್ನು ನಾನು ವರ್ಷಕ್ಕೆ ಹತ್ತು ಬಾರಿಯಾದರೂ ಹೇಳುತ್ತೇನೆ, ಕೇಳಿದವರು ತಲೆಯಾಡಿಸಿ, ಬಾಗಿಲ ಬಳಿ ತಿರುಗಿ ನಿಂತು, “ಹಾಗಾದರೆ ಅವರೇ ಬರೆದದ್ದು ತಾನೆ?” ಎನ್ನುತ್ತಾರೆ.

ಆ ಹಾಳೆಗೆ ಬಣ್ಣ ಬಂದದ್ದು ಕೊರೆದ ಅಚ್ಚಿನ ಮೂಲಕ ಕೈಯಿಂದ ಬಣ್ಣ ತಟ್ಟುವ ವಿಧಾನದಲ್ಲಿ; ಫ್ರೆಂಚರು ಇದಕ್ಕೆ ಇಟ್ಟ ಹೆಸರು ಪೋಶ್ವಾರ್. ಮಂಡಿಯಲ್ಲಿ ಗೋಣಿಚೀಲದ ಮೇಲೆ ಕೊರೆದ ತಗಡು ಇಟ್ಟು ಮಸಿ ಬಳಿಯುವುದನ್ನು ನೀವು ನೋಡಿರಬಹುದು. ತತ್ತ್ವ ಅದೇ, ನಾಜೂಕು ಮಾತ್ರ ನೂರು ಪಟ್ಟು. ಕಲಾವಿದೆ ಮಾದರಿ ಚಿತ್ರವೊಂದನ್ನು ಕೊಡುತ್ತಾಳೆ. ಕಾರ್ಯಾಗಾರದಲ್ಲಿ ಅದರ ಬಣ್ಣಗಳನ್ನು ಬಿಡಿಬಿಡಿಯಾಗಿ ಗುರುತಿಸಿ, ಒಂದೊಂದು ಬಣ್ಣಕ್ಕೆ ಒಂದೊಂದರಂತೆ ತೆಳು ಸತು ಅಥವಾ ತಾಮ್ರದ ಹಾಳೆಯನ್ನು ಚೂರಿಯಿಂದ ಕೊರೆಯುತ್ತಾರೆ. ಒಂದು ಚಿತ್ರಕ್ಕೆ ಇಪ್ಪತ್ತು ಮೂವತ್ತು ಅಚ್ಚುಗಳಾಗುವುದೂ ಉಂಟು. ಅಚ್ಚನ್ನು ಕಾಗದದ ಮೇಲೆ ಕೂರಿಸಿ, ಗುಂಡು ತಲೆಯ ಮೊಂಡು ಕುಂಚದಿಂದ ಗುವಾಶ್ ಎಂಬ, ನೀರಿನಲ್ಲಿ ಕಲಸುವ ದಟ್ಟ ಬಣ್ಣವನ್ನು ತಟ್ಟುತ್ತಾರೆ. ಎತ್ತುತ್ತಾರೆ, ಒಣಗಿಸುತ್ತಾರೆ, ಮುಂದಿನ ಅಚ್ಚು. ಕೊರೆಯುವವರು ಒಬ್ಬರು, ತಟ್ಟುವವರು ಇನ್ನೊಬ್ಬರು. ಪ್ಯಾರಿಸ್‌ನ ಜಾನ್ ಸೋದೆ ಈ ಕಸುಬಿನ ಬಗ್ಗೆ 1925ರಲ್ಲಿ ಒಂದು ಗ್ರಂಥವನ್ನೇ ತಂದರು. ಹಾಳೆಯ ಮೇಲೆ ಹೆಸರಿಲ್ಲದೆ ಹೋದವರು ಇಂಥ ಕಾರ್ಯಾಗಾರಗಳ ಕೆಲಸಗಾರರು. ಕಲಾವಿದೆ ಒಂದೆರಡು ಹಾಳೆಗೆ ತಾವೇ ಕುಂಚ ತಾಗಿಸಿರಲಾರರು ಎಂದು ನಾನು ಪ್ರಮಾಣ ಮಾಡಲಾರೆ. ದಾಖಲೆಯಿಲ್ಲದೆ ತಾಗಿಸಿದ್ದಾರೆ ಎಂದು ಬರೆದುಕೊಡಲೂ ಆರೆ.

ಪರೀಕ್ಷಿಸಬೇಕೆಂದರೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಆಫ್‌ಸೆಟ್ ಮುದ್ರಣವಾದರೆ ಬಣ್ಣದ ಚುಕ್ಕಿಗಳ ಜಾಲ ಕಾಣುತ್ತದೆ. ಪೋಶ್ವಾರ್‌ನಲ್ಲಿ ಬಣ್ಣ ಸಪಾಟಾಗಿ ಕಾಗದದ ಮೇಲೆ ಕುಳಿತಿರುತ್ತದೆ. ಅಚ್ಚಿನ ಅಂಚಿಗೆ ಬಣ್ಣ ಒತ್ತರಿಸಿದಲ್ಲಿ ಕೂದಲೆಳೆಯಷ್ಟು ಏಣು ಎದ್ದಿರುತ್ತದೆ. ಅಡಿಯ ರೇಖೆಗಳನ್ನು ಕೊಲೊಟೈಪ್ ಎಂಬ ಹಳೆಯ ಮುದ್ರಣ ವಿಧಾನದಲ್ಲಿ ಮುದ್ರಿಸಿದ್ದರೆ ಅಲ್ಲಿ ಹುಳು ಹರಿದಂಥ ಸಣ್ಣ ಸುಕ್ಕು ಕಾಣಬಹುದು, ಅದನ್ನು ನೋಡಿ ಗಾಬರಿಯಾಗಬೇಡಿ. ಒದ್ದೆ ಬೆರಳು ಮಾತ್ರ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಗುವಾಶ್‌ನ ಬಣ್ಣವನ್ನು ಹಿಡಿದಿಡುವುದು ಜಾಲಿ ಜಾತಿಯ ಮರದ ಗೋಂದು. ನೂರು ವರ್ಷವಾದರೂ ನೀರು ತಾಗಿದರೆ ಅದು ಕರಗುತ್ತದೆ, ಬಳಿದವರು ಯಾರೇ ಆಗಿರಲಿ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಗೊಂಚರೋವಾ ಕಾಲದ ಇನ್ನೊಬ್ಬ ಕಲಾವಿದೆ ಅಲೆಕ್ಸಾಂಡ್ರಾ ಎಕ್ಸ್‌ಟರ್ ಅವರ ರಂಗಸಜ್ಜಿಕೆಗಳ 15 ಹಾಳೆಗಳ ಸಂಪುಟ 1930ರಲ್ಲಿ ಪ್ಯಾರಿಸ್‌ನಲ್ಲಿ ಬಂತು. ಅದರ ಒಂದು ಹಾಳೆ ತಂದವರು, ಅಂತರಜಾಲದಲ್ಲಿ ಕಂಡ ಪ್ರತಿಗೆ ಹೋಲಿಸಿದರೆ ತಮ್ಮದರಲ್ಲಿ ನೀಲಿ ಬಣ್ಣ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದೆ, ಹಾಗಾಗಿ ತಮ್ಮದು ನಕಲಿ ಎಂದು ಅಳುವಂತಾಗಿದ್ದರು. ಸರಿಯದಿದ್ದರೇ ನನಗೆ ಅನುಮಾನ ಬರುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಅಚ್ಚು ಕೂರಿಸುವ ಕೈ ಒಮ್ಮೆಯಾದರೂ ಕದಲದೇ ಇರುತ್ತದೆಯೇ?

ಇನ್ನು, “ಅವರ ಕೈಯದಲ್ಲದಿದ್ದರೆ ಬರಿಯ ಪ್ರಿಂಟು” ಎಂದು ಮುಖ ಸಿಂಡರಿಸುವವರು ಇದನ್ನು ಕೇಳಿ. 1914ರಲ್ಲಿ ಪ್ಯಾರಿಸ್‌ನಲ್ಲಿ ‘ಚಿನ್ನದ ಹುಂಜ’ ಎಂಬ ಸಂಗೀತ-ನೃತ್ಯ ನಾಟಕದ ರಂಗವಿನ್ಯಾಸದಿಂದ ಹೆಸರಾದ ಗೊಂಚರೋವಾ ಮರುವರ್ಷ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ದ್ಯಾಗಿಲೆವ್ ಅವರ ಬ್ಯಾಲೆ ತಂಡದೊಂದಿಗಿದ್ದರು. ಹೊರಗೆ ಮಹಾಯುದ್ಧ. ‘ಲಿತುರ್ಜಿ’ಯ ನೃತ್ಯ ಸಂಯೋಜನೆ ಆ ತಂಡದ ತರುಣ ಮ್ಯಾಸೀನ್‌ನದು. ಕ್ರಿಸ್ತನ ಕಥೆಯ ಆ ಬ್ಯಾಲೆ ಕೊನೆಗೂ ರಂಗಕ್ಕೆ ಬರಲಿಲ್ಲ. ಮೂಲ ವಿನ್ಯಾಸಗಳನ್ನು ಬಿಟ್ಟರೆ, ಆ ಉಡುಪುಗಳನ್ನು ನಾವು ಕಾಣುವುದು 16 ಪೋಶ್ವಾರ್ ಹಾಳೆಗಳ ಒಂದು ಸಂಪುಟದಲ್ಲಿ; ಎಂಜಿನಿಯರ್ ತಂದ ಹಾಳೆ ಅದರದೇ. ಬೆಲೆ ಎಷ್ಟು ಎಂದು ನನ್ನನ್ನು ಕೇಳಬೇಡಿ, ಅದು ಹರಾಜಿನವರ ಕೆಲಸ. ನಾನು ಕಾಗದದ ವೈದ್ಯೆ.

ಎಂಜಿನಿಯರ್ ಸಾಹೇಬರು ಗುರುತನ್ನು ಬಣ್ಣದಿಂದ ಮುಚ್ಚಿಕೊಡಿ ಎಂದು ಬೇಡಿಕೊಂಡರು. ಮುಚ್ಚಬಹುದಿತ್ತು. ಆದರೆ ಮಳೆಗಾಲದ ತೇವದಲ್ಲಿ ಅಂಥ ಬಣ್ಣಕ್ಕೆ ಕೈಹಾಕಲು ನನಗೆ ಧೈರ್ಯವಾಗಲಿಲ್ಲ. ಗಾಜು ಬಣ್ಣಕ್ಕೆ ತಾಗದಂತೆ ಆಮ್ಲರಹಿತ ದಪ್ಪ ರಟ್ಟಿನ ಅಂಚು ಕೊಟ್ಟು ಚೌಕಟ್ಟು ಹಾಕಿಸಿದೆ. ಅದನ್ನು ಒಯ್ಯಲು ಅವರ ಹೆಂಡತಿಯೂ ಬಂದಿದ್ದರು. ನನ್ನ ಉಪನ್ಯಾಸವನ್ನೆಲ್ಲ ತಾಳ್ಮೆಯಿಂದ ಕೇಳಿ, ಬಿಳಿಚಿದ ಜಾಗಕ್ಕೆ ಬೆರಳು ತೋರಿಸಿ, “ಇದು ಯಾರ ಕೈ ಎಂಬುದರಲ್ಲಂತೂ ಅನುಮಾನವಿಲ್ಲ” ಎಂದರು.