ಡೆಕ್ಕಿಗೂ ಬಲ್ಕ್‌ಹೆಡ್ಡಿಗೂ ನಡುವಿನ ಕಾಣದ ಜೋಡಣೆ

ಹಾಯಿದೋಣಿಯ ಒಳಗೆ ಅಡ್ಡಲಾಗಿ ನಿಂತ ಗೋಡೆಯೇ ಬಲ್ಕ್‌ಹೆಡ್. ನೋಡುವವರಿಗೆ ಅದು ಕೋಣೆಗಳ ನಡುವಿನ ಬರೀ ಮರೆ. ಆದರೆ ಗಾಳಿ ಬಿರುಸಾದಾಗ ಹಾಯಿಕಂಬ ಡೆಕ್ಕನ್ನು, ಅಂದರೆ ದೋಣಿಯ ಮೇಲ್ಹಾಸನ್ನು, ಕೆಳಕ್ಕೆ ಒತ್ತುತ್ತದೆ, ಕಂಬವನ್ನು ಹಿಡಿದ ಪಕ್ಕದ ತಂತಿಗಳು ಅಂಚುಗಳನ್ನು ಮೇಲಕ್ಕೆ ಜಗ್ಗುತ್ತವೆ. ಈ ಎಳೆದಾಟದಲ್ಲಿ ದೋಣಿ ತಿರುಚಿಕೊಳ್ಳದಂತೆ ತಡೆಯುವುದು ಆ ಗೋಡೆ. ಅದಕ್ಕೆ ಗೋಡೆಯ ತಲೆ ಡೆಕ್ಕಿಗೆ ಗಟ್ಟಿಯಾಗಿ ಕೂತಿರಬೇಕು.

ಮರದ ದೋಣಿಗಳಲ್ಲಿ ಡೆಕ್ಕಿನ ಹಲಗೆಗಳನ್ನು ಹೊರಲು ಅಡ್ಡತೊಲೆಗಳಿರುತ್ತಿದ್ದವು. ಬಲ್ಕ್‌ಹೆಡ್ಡನ್ನು ಅಂಥ ತೊಲೆಗೇ ಬಿಗಿಯುತ್ತಿದ್ದರು. ಆ ಜೋಡಣೆ ಸಡಿಲವಾದರೆ ಕಣ್ಣಿಗೆ ಬೀಳುತ್ತಿತ್ತು.

ಫೈಬರ್‌ಗ್ಲಾಸ್ ಬಂದ ಮೇಲೆ ಒಡಲು ಒಂದು ಅಚ್ಚಿನಲ್ಲಿ, ಡೆಕ್ ಇನ್ನೊಂದರಲ್ಲಿ ತಯಾರಾಗತೊಡಗಿತು. ಕಾರ್ಲ್ ಆಲ್ಬರ್ಗ್ ವಿನ್ಯಾಸದ, 1959ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಪಿಯರ್ಸನ್ ಟ್ರೈಟನ್ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ ದೋಣಿಗಳಲ್ಲೊಂದು. ಪ್ಲೈವುಡ್ ಗೋಡೆಯನ್ನು ಒಡಲಿಗೆ ಗಟ್ಟಿಯಾಗುವ ಅಂಟುದ್ರವವಾದ ರೆಸಿನ್‌ನಲ್ಲಿ ನೆನೆಸಿದ ಗಾಜಿನ ಬಟ್ಟೆಯಿಂದ ಬೆಸೆಯುವುದು, ಅಂದರೆ ಟ್ಯಾಬಿಂಗ್, ಸುಲಭ. ಡೆಕ್ ಕೂರಿಸಿದ ಮೇಲೆ ಅದೇ ಕೆಲಸವನ್ನು ತಲೆಯ ಮೇಲೆ ಕೈಯೆತ್ತಿ ಮಾಡಬೇಕು. ರೆಸಿನ್ ಮೈಮೇಲೆ ಸೋರುತ್ತದೆ, ಬಟ್ಟೆ ಜೋತುಬೀಳುತ್ತದೆ. ಹಲವು ದೋಣಿಗಳಲ್ಲಿ ಕೆಳಗಿನ ಬೆಸುಗೆ ಭದ್ರವಾಗಿ, ಮೇಲಿನದು ಅರೆಬರೆಯಾಗಿ ಉಳಿದದ್ದು ಹೀಗೆ. ಟ್ರೈಟನ್‌ನಲ್ಲಿ ಹಾಯಿಕಂಬ ಡೆಕ್ಕಿನ ಮೇಲೇ ನಿಲ್ಲುತ್ತದೆ. ಅದರಡಿಯ ತೊಲೆ ಸೋತು ಡೆಕ್ ಕುಸಿಯುವುದು ಹಳೆಯ ಮಾಲೀಕರಿಗೆ ಚಿರಪರಿಚಿತ ದೂರು.

ಆಮೇಲೆ ಬಂದದ್ದು ಅಚ್ಚಿನಲ್ಲೇ ಎರೆದ ಒಳಚಾವಣಿ. ಅದರ ಕಾಲುವೆಯಲ್ಲಿ ಅಂಟು ತುಂಬಿ ಗೋಡೆಯ ತಲೆಯನ್ನು ಸಿಕ್ಕಿಸಿದರೆ ಮುಗಿಯಿತು. ಅಂಟು ಗಟ್ಟಿಯೇ, ಅದರಲ್ಲಿ ತಕರಾರಿಲ್ಲ. ಆದರೆ ಗೋಡೆ ಹಿಡಿದದ್ದು ಒಳಚಾವಣಿಯನ್ನು, ಡೆಕ್ಕನ್ನಲ್ಲ. ಬಿಟ್ಟುಕೊಂಡರೂ ಹೊರಗೆ ಕಾಣುವುದಿಲ್ಲ. ನನ್ನ ಪ್ರಕಾರ ಈ ಇತಿಹಾಸದಲ್ಲಿ ನಾವು ಕಳೆದುಕೊಂಡದ್ದು ಪರೀಕ್ಷಿಸುವ ಅವಕಾಶವನ್ನು. 2014ರಲ್ಲಿ ಅಟ್ಲಾಂಟಿಕ್‌ನಲ್ಲಿ ಚೀಕಿ ರಫೀಕಿ ಎಂಬ ಹಾಯಿದೋಣಿಯ ಕೀಲ್, ಅಂದರೆ ತಳದಡಿ ಇಳಿಬಿಟ್ಟ ಭಾರದ ರೆಕ್ಕೆ, ಕಳಚಿ ನಾಲ್ವರು ಸತ್ತರು. ಅಲ್ಲಿ ಪ್ರಶ್ನೆಗೆ ಬಂದದ್ದು ಡೆಕ್ಕಲ್ಲ, ತಳ. ಆದರೂ ಒಡಲಿಗೆ ಅಂಟಿಸಿದ ಒಳಚೌಕಟ್ಟು ಬಿಟ್ಟುಕೊಂಡರೆ ಪತ್ತೆ ಹಚ್ಚುವುದು ಕಷ್ಟ ಎಂಬ ಮಾತು ಬ್ರಿಟನ್ನಿನ ತನಿಖಾ ವರದಿಯಲ್ಲೂ ಬಂತು.

ಡೆಕ್ಕಿನ ಜೋಡಣೆ ಸಡಿಲವಾದ ಸುಳಿವುಗಳು ಚಿಕ್ಕವು. ದೋಣಿ ವಾಲಿ ಓಡುವಾಗ ಶೌಚದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಗೋಡೆಯ ನೆತ್ತಿಯ ಪಟ್ಟಿಯ ಬಳಿ ಕೂದಲೆಳೆಯ ಸಂದು. ತಂತಿಗಳನ್ನು ಗೋಡೆಗೆ ಬಿಗಿಯುವ ಚೈನ್‌ಪ್ಲೇಟಿನ ಕೆಳಗೆ ಪ್ಲೈವುಡ್ ಕಪ್ಪಾಗಿದ್ದರೆ ನೀರು ಇಳಿದಿದೆ ಎಂದೇ ಅರ್ಥ. ರಿಪೇರಿಗೆ ಕೈಹಾಕುವ ಮೊದಲು ತಂತಿಗಳನ್ನು ಸಡಿಲಿಸಿ, ಕುಸಿದ ಡೆಕ್ಕನ್ನು ಜ್ಯಾಕ್ ಕೊಟ್ಟು ಮೊದಲಿನ ಮಟ್ಟಕ್ಕೆ ಎತ್ತಬೇಕು. ಇಲ್ಲವಾದರೆ ಹೊಸ ಬೆಸುಗೆ ಆ ಕುಸಿತವನ್ನೇ ಕಾಯಂ ಮಾಡುತ್ತದೆ.